ಅಮ್ಮನ ಓವರ್‌ಟೈಮ್

ಆ ಹುಡುಗಿ ನಿದ್ದೆ ಮಾಡುತ್ತಿರಲಿಲ್ಲ. ಅದಕ್ಕೇ ಅವಳನ್ನು ಆಸ್ಪತ್ರೆಗೆ ಕರೆತಂದಿದ್ದರು.

ಆರು ವರ್ಷದ ಮಗು. ಮೈ ಕಡ್ಡಿಯಂತೆ, ತಲೆ ಮಾತ್ರ ದುಂಡಗೆ. ಹೊಲಿಗೆ ಕೆಲಸದ ತಾಯಿ ಮಗಳಿಗೆ ತನ್ನ ಕಸುಬಿನಿಂದಲೇ ಹೆಸರು ಹೆಕ್ಕಿ ಕೊಟ್ಟಿದ್ದಳು: ಗುಂಡುಪಿನ್ನು. ಶಾಲೆಯಲ್ಲಿ ಬರೆಸಿದ ಹೆಸರು ಬೇರೆ ಇತ್ತು, ಅದರಿಂದ ಕರೆದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಗುಂಡುಪಿನ್ನು ಎದ್ದು ಬಂದು ಬಾಗಿಲ ಹೊಸಿಲಿಗೆ ಅಡ್ಡಲಾಗಿ ಮಲಗುವಳು, ಕಣ್ಣು ಬಿಟ್ಟುಕೊಂಡು. ಎತ್ತಿಕೊಂಡು ಹೋಗಿ ಹಾಸಿಗೆಗೆ ಹಾಕಿದರೆ ಮತ್ತೆ ಎದ್ದು ಬರುವಳು. ಹಗಲು ಶಾಲೆಯಲ್ಲಿ ತೂಕಡಿಸುತ್ತ ಕೂತವಳು ಬೆಂಚಿನಿಂದ ಉರುಳಿ ಹಣೆ ಒಡೆದುಕೊಂಡಳು. ಹಣೆಗೆ ಹೊಲಿಗೆ ಹಾಕಿದ ಡಾಕ್ಟರು, "ಗಾಯ ವಾಸಿ ಆಗುತ್ತೆ. ನಿದ್ದೆ ಮಾಡದೆ ಇರೋದಕ್ಕೆ ನನ್ನ ಹತ್ರ ಔಷಧಿ ಇಲ್ಲ. ಮಹಡಿ ಮೇಲೆ ಮಕ್ಕಳ ಆಟದ ಕೋಣೆ ಇದೆ, ಅಲ್ಲಿಗೆ ಕರ್ಕೊಂಡು ಹೋಗಿ" ಎಂದರು.

"ನಿದ್ದೆ ಬರ್ತಿಲ್ಲ ಅಂದ್ರೆ ಆಟ ಆಡ್ಸಿ ಅಂತೀರಲ್ಲ ಸ್ವಾಮಿ," ಎಂದಳು ಮಗುವಿನ ಅಜ್ಜಿ, ತಾಯಿಯ ತಾಯಿ. "ಹಸಿವು ಅಂತ ಬಂದೋರಿಗೆ ಹಾಡು ಕೇಳಿಸ್ತೀರಾ?"

ಆದರೂ ಮೆಟ್ಟಿಲು ಹತ್ತಿದಳು.

ಆಟದ ಕೋಣೆ ಹಿಂದೆ ಆಸ್ಪತ್ರೆಯ ಹಾಸಿಗೆ ಬಟ್ಟೆ ಇಡುವ ಉಗ್ರಾಣವಾಗಿತ್ತು. ಎಷ್ಟು ಒರೆಸಿದರೂ ಫಿನಾಯಿಲಿನ ವಾಸನೆ ಹೋಗಿರಲಿಲ್ಲ. ಒಂದೇ ಕಿಟಕಿ. ಗೋಡೆಗೆ ಒರಗಿದ ತೆರೆದ ಕಪಾಟಿನಲ್ಲಿ ಮರದ ಗೊಂಬೆಗಳು, ಪ್ರಾಣಿಗಳು, ತಗಡಿನ ಲಾರಿ, ಒಡೆದ ಫೋನು, ಬಾಟಲಿ ಮುಚ್ಚಳಗಳ ಡಬ್ಬಿ. ನೆಲದ ಮೇಲೆ ಮೊಣಕಾಲೆತ್ತರದ ಅಗಲವಾದ ಮರದ ಪೆಟ್ಟಿಗೆ, ಅದರ ತುಂಬ ಮರಳು. ಅಲ್ಲಿ ಕೆಲಸ ಮಾಡುತ್ತಿದ್ದವಳನ್ನು ಮಕ್ಕಳು ಆಟದಕ್ಕ ಎನ್ನುತ್ತಿದ್ದರು. ಮನಸ್ಸಿಗೆ ಪೆಟ್ಟು ಬಿದ್ದ ಮಕ್ಕಳು ಬಾಯಲ್ಲಿ ಹೇಳಲಾಗದ್ದನ್ನು ಕೈಯಲ್ಲಿ ಆಡಿ ಹೇಳುತ್ತಾರೆ, ಹೇಳಿ ಹಗುರಾಗುತ್ತಾರೆ, ಅದಕ್ಕೆ ಜಾಗ ಮಾಡಿಕೊಡುವುದು ತನ್ನ ಕೆಲಸ ಎಂದು ಅವಳು ಅಜ್ಜಿಗೆ ವಿವರಿಸಿದಳು.

"ಇದಕ್ಕೆ ಓದಿದ್ದೀರಾ ತಾಯಿ?"

"ಹೂಂ ಅಜ್ಜಿ. ನಾಲ್ಕು ವರ್ಷ ಕಲಿತೆ."

"ಆಟ ಆಡ್ಸೋಕೆ ನಾಲ್ಕು ವರ್ಷ! ನಾನು ಒಲೆ ಮುಂದೆ ಕೂತೇ ಮೂರು ಮಕ್ಕಳನ್ನ ಆಡ್ಸಿದೆ." ಮಾತು ಮುಗಿಸುವಷ್ಟರಲ್ಲಿ ಅಜ್ಜಿಯ ದನಿ ಇಳಿಯಿತು. ಮೂರರಲ್ಲಿ ಒಂದು ಈಗ ಇರಲಿಲ್ಲ.

ಊರಿಗೆಲ್ಲ ಗೊತ್ತಿದ್ದದ್ದನ್ನು ಅಜ್ಜಿ ಪಿಸುಮಾತಿನಲ್ಲಿ ಹೇಳಿದಳು. ಗುಂಡುಪಿನ್ನುವಿನ ತಾಯಿ ಹೊಲಿಯುತ್ತಿದ್ದದ್ದು ಕುಸಿದುಬಿದ್ದ ಆ ಉಡುಪಿನ ಕಾರ್ಖಾನೆಯಲ್ಲಿ.

ಕುಸಿಯುವ ಮುಂಚೆಯೇ ಅದರ ಗೋಡೆ ಬಿರುಕು ಬಿಟ್ಟಿತ್ತು. ಹೆಂಗಸರು ಸೂಪರ್‌ವೈಸರನನ್ನು ಕರೆದು ತೋರಿಸಿದ್ದರು. ಒಬ್ಬಳು ತನ್ನ ಕಿರುಬೆರಳನ್ನೇ ಅದರೊಳಗೆ ತೂರಿಸಿ ತೋರಿಸಿದ್ದಳು. ಅವನು ಆಳುಗಳನ್ನು ಕರೆದು ಒಂದು ಕಬ್ಬಿಣದ ಬೀರುವನ್ನು ಎಳೆಸಿ ತಂದು ಬಿರುಕಿನ ಮುಂದೆ ನಿಲ್ಲಿಸಿದ. ಕಣ್ಣಿಗೆ ಬೀಳದಿದ್ದರೆ ಇಲ್ಲವೆಂದೇ ಲೆಕ್ಕ. ಕಟ್ಟಡ ಬಿದ್ದ ಮೇಲೂ ಅದೇ ಲೆಕ್ಕ ನಡೆಯಿತು. ಕ್ಯಾಮೆರಾಗಳು ಇರುವಷ್ಟು ದಿನ ಅಗೆದರು, ಸಿಕ್ಕವರನ್ನು ಎತ್ತಿದರು. ಕ್ಯಾಮೆರಾಗಳು ಹೋದವು, ಬೆನ್ನಿಗೇ ಯಂತ್ರಗಳೂ ಹೋದವು. ಉಳಿದದ್ದರ ಮೇಲೆ ಜಲ್ಲಿ ಸುರಿದು ಮಟ್ಟಸ ಮಾಡಿದರು. ಸಿಗದೇ ಉಳಿದವರಿಗೆ 'ಕಾಣೆಯಾದವರು' ಎಂದು ಹೆಸರಿಟ್ಟರು. ಬೆಳಿಗ್ಗೆ ಗೇಟಿನಲ್ಲಿ ಹಾಜರಿ ಹಾಕಿ, ಚೀಲ ತಪಾಸಣೆ ಮಾಡಿಸಿಕೊಂಡು, ಮಿಷನ್ನಿನ ಮುಂದೆ ತಲೆ ಬಗ್ಗಿಸಿ ಕೂತ ಹೆಂಗಸರು ಕಾಣೆಯಾದರಂತೆ! ಸಂತೆಯಲ್ಲಿ ಕೈ ತಪ್ಪಿಸಿಕೊಂಡು ಹೋದರಂತೆ!

"ಮಗೂಗೆ ಏನು ಹೇಳಿದ್ದೀರಿ ಅಜ್ಜಿ?"

"ಓವರ್‌ಟೈಮ್ ಅಂತ."

ಅದು ಆ ಮನೆಯಲ್ಲಿ ಹಳೆಯ ಮಾತು. ಸಾಗಿಸುವ ಮಾಲು ಹೆಚ್ಚಿದ್ದ ವಾರಗಳಲ್ಲಿ ತಾಯಿ ಮನೆಗೆ ಬರುವಾಗ ಮಗು ಮಲಗಿರುತ್ತಿತ್ತು, ಮಗು ಏಳುವಷ್ಟರಲ್ಲಿ ತಾಯಿ ಹೊರಟಿರುತ್ತಿದ್ದಳು. 'ಅಮ್ಮ ಎಲ್ಲಿ' ಅಂದರೆ 'ಓವರ್‌ಟೈಮ್' ಎನ್ನುವುದು ಎಲ್ಲರ ನಾಲಿಗೆಗೂ ಒಗ್ಗಿಹೋಗಿತ್ತು. ಈಗಲೂ ಅದೇ ನಾಲಿಗೆಗೆ ಬಂತು, ಬಂದದ್ದು ಅಲ್ಲೇ ನಿಂತುಬಿಟ್ಟಿತು.

"ನಾನು ನನ್ನ ಮಗಳನ್ನ ಕಣ್ಣಾರೆ ನೋಡಿಲ್ಲ," ಎಂದಳು ಅಜ್ಜಿ. "ನೋಡೋವರೆಗೂ ಆ ಇನ್ನೊಂದು ಮಾತು ನಮ್ಮನೇಲಿ ಯಾರ ಬಾಯಲ್ಲೂ ಬರಕೂಡದು. ನೀವೂ ಮಗು ಮುಂದೆ ಬಾಯಿ ಬಿಡ್ಬೇಡಿ. ಆಡ್ಸಿ, ನಗ್ಸಿ, ನಿದ್ದೆ ಬರೋ ಹಂಗೆ ಮಾಡಿ. ಅಷ್ಟು ಸಾಕು."

ಬಾಗಿಲು ಮುಚ್ಚಿದ ಮೇಲೆ ಗುಂಡುಪಿನ್ನು ಕೋಣೆಯ ನಡುವೆ ನಿಂತು ಸುತ್ತ ನೋಡಿದಳು.

"ಇಲ್ಲಿ ಏನು ಮಾಡ್ಬೇಕು?"

"ನಿನಗೆ ಏನು ಬೇಕೋ ಅದು."

"ಏನೂ ಮಾಡದೆ ಇದ್ರೆ?"

"ಅದೂ ಆಗುತ್ತೆ."

ಮಗು ಯೋಚಿಸಿತು. "ನಿಮಗೆ ಇದಕ್ಕೆ ಸಂಬಳ ಕೊಡ್ತಾರಾ?"

"ಕೊಡ್ತಾರೆ."

"ಏನೂ ಮಾಡದೆ ಇದ್ದಿದ್ದಕ್ಕಾ?"

ಆಟದಕ್ಕ ನಕ್ಕಳು. ಮಗು ನಗಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲು ಕೇಳಿತ್ತು.

ವಾರಕ್ಕೊಮ್ಮೆ ಬರುವುದೆಂದಾಯಿತು. ಅಜ್ಜಿ ಹೊರಗಿನ ಬೆಂಚಿನ ಮೇಲೆ ಕೂತು ಚೀಲದಿಂದ ಹೊಸ ಅಂಗಿಗಳನ್ನು ತೆಗೆದು ಹೊಲಿಗೆಯ ತುದಿಗಳಲ್ಲಿ ಉಳಿದ ದಾರ ಕತ್ತರಿಸುತ್ತಿದ್ದಳು. ಅಂಗಿಗಳು ಅದೇ ಕಂಪನಿಯವು, ಪಕ್ಕದ ಬೀದಿಯ ಇನ್ನೊಂದು ಕಟ್ಟಡದ್ದು. ಮಗಳನ್ನು ನುಂಗಿದವರ ಅಂಗಿಗೆ ತಾಯಿ ದಾರ ಕತ್ತರಿಸುತ್ತ ಕೂರುವುದು ಆ ಪಡಸಾಲೆಯಲ್ಲಿ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಒಲೆ ಉರಿಯಬೇಕಲ್ಲ.

ಒಳಗೆ ಗುಂಡುಪಿನ್ನು ಮರಳಿನ ಪೆಟ್ಟಿಗೆ ಬಿಟ್ಟು ಬೇರೆಡೆ ಹೋಗುತ್ತಿರಲಿಲ್ಲ. ಬಾಟಲಿ ಮುಚ್ಚಳಗಳನ್ನು ಸಾಲಾಗಿ ಜೋಡಿಸುವಳು, ಅವು ಮಿಷನ್ನುಗಳು. ಒಂದೊಂದರ ಹಿಂದೆ ಒಂದೊಂದು ಮರದ ಗೊಂಬೆ. ಬೆರಳುಗಳಿಂದ ಪೆಟ್ಟಿಗೆಯ ಅಂಚನ್ನು ಟಕಟಕ ಕುಟ್ಟುತ್ತ ದಪ್ಪ ದನಿ ತೆಗೆಯುವಳು: "ಏಯ್, ಅಲ್ಲೇನು ಹರಟೆ? ಪೀಸ್ ಎಷ್ಟಾಯ್ತು? ಬಾತ್‌ರೂಮಿಗೆ ಆಗ್ಲೇ ಹೋಗಿದ್ಯಲ್ಲ!" ತಾಯಿ ಮನೆಯಲ್ಲಿ ಸೂಪರ್‌ವೈಸರನನ್ನು ಅಣಕಿಸಿ ನಗಿಸಿದ್ದಿರಬೇಕು. ಒಂದು ದಿನ ಆಡುತ್ತ ಆಡುತ್ತಲೇ ಅವಳು ಹೇಳಿದಳು:

"ನಮ್ಮಮ್ಮ ನಾನು ಮಲಗಿದ ಮೇಲೆ ಬರ್ತಾಳೆ. ಏಳೋದ್ರೊಳಗೆ ಹೋಗ್ಬಿಡ್ತಾಳೆ. ಅದಕ್ಕೇ ನಾನು ಬಾಗಿಲಲ್ಲಿ ಮಲಗೋದು."

"ಬಾಗಿಲಲ್ಲಿ ಮಲಗಿದ್ರೆ?"

"ಕತ್ಲಲ್ಲಿ ಗೊತ್ತಾಗ್ದೆ ತುಳೀತಾಳಲ್ಲ. ಎಚ್ಚರ ಆಗುತ್ತೆ."

ಆಟದಕ್ಕ ಏನೋ ಹೇಳಹೊರಟಳು. ಆದರೆ ಮಗು ಆಡುವಾಗ ನಡುವೆ ಬಾಯಿ ಹಾಕಬಾರದು, ತಿದ್ದಬಾರದು, ಮಗು ಹೋದಲ್ಲಿಗೆ ಹಿಂದೆ ಹೋಗಬೇಕು ಎಂದು ಕಲಿತವಳು ಅವಳು. ಅಜ್ಜಿಯ ಮಾತೂ ಇತ್ತು. ಉರುಳಿದ್ದ ಒಂದು ಮುಚ್ಚಳ ಎತ್ತಿ ಮಗುವಿನ ಕೈಗೆ ಕೊಟ್ಟಳು.

ಮುಂದಿನ ಸಲ ಗುಂಡುಪಿನ್ನು ಕಪಾಟಿನ ಅಡಿಯಿಂದ ಒಂದು ಹಲಗೆ ಎಳೆದು ತಂದಳು. ಸಾಲಾಗಿ ಕೂತ ಗೊಂಬೆಗಳ ಮೇಲೆ ಅದನ್ನು ಎತ್ತಿ ಹಿಡಿದಳು. ಕೈ ಬಿಟ್ಟಳು. ಮೇಲೆ ಮರಳು ಸುರಿದಳು, ಬೊಗಸೆ ಬೊಗಸೆಯಾಗಿ. ಆಮೇಲೆ ತಗಡಿನ ಪುಟ್ಟ ಸಲಿಕೆಯಿಂದ ಅಗೆದು ಒಂದೊಂದೇ ಗೊಂಬೆ ತೆಗೆದು ಪಕ್ಕದಲ್ಲಿ ಮಲಗಿಸಿದಳು. ಕೊನೆಗೆ ಉಳಿದದ್ದು ನೀಲಿ ಲಂಗದ ಗೊಂಬೆ. ಅದರ ತಲೆ ಕಾಣುವಷ್ಟು ಅಗೆದವಳು ಸಲಿಕೆ ಕೆಳಗಿಟ್ಟಳು. ಮರಳನ್ನು ಮತ್ತೆ ಎಳೆದು ಮುಚ್ಚಿ ಅಂಗೈಯಿಂದ ತಟ್ಟಿ ತಟ್ಟಿ ಸಮ ಮಾಡಿದಳು.

"ಇವಳಿಗೆ ಓವರ್‌ಟೈಮ್," ಎಂದಳು.

ಹೊತ್ತಾಗಿತ್ತು. ಅಜ್ಜಿ ಬಾಗಿಲು ತಟ್ಟಿ ಕರೆದುಕೊಂಡು ಹೋದಳು.

ಆಟದ ಕೋಣೆಗೆ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಒಂದು ಮಗು ಹೋಗಿ ಇನ್ನೊಂದು ಬರುವ ಮುಂಚೆ ಕೋಣೆ ಮೊದಲಿದ್ದಂತೆ ಆಗಬೇಕು. ಲಾರಿಯ ಜಾಗದಲ್ಲಿ ಲಾರಿ, ಗೊಂಬೆಯ ಜಾಗದಲ್ಲಿ ಗೊಂಬೆ. ಹೊರಗೆ ಎಲ್ಲವೂ ತಲೆಕೆಳಗಾದ ಮಗುವಿಗೆ ಇಲ್ಲೊಂದು ಜಾಗವಾದರೂ ಬಿಟ್ಟುಹೋದ ಹಾಗೇ ಸಿಗಲಿ ಎಂಬುದು ಅದರ ಅರ್ಥ. ಆಟದಕ್ಕ ಅದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಆವತ್ತೂ ಅವಳು ಮೊಣಕಾಲೂರಿ ಮರಳಿಗೆ ಕೈ ಹಾಕಿದಳು, ನೀಲಿ ಲಂಗದವಳನ್ನು ಎತ್ತಿದಳು, ಒದ್ದೆ ಬಟ್ಟೆಯಿಂದ ಮುಖ ಒರೆಸಿದಳು, ಕಪಾಟಿನಲ್ಲಿ ಅದರ ಜಾಗದಲ್ಲಿ ಕೂರಿಸಿದಳು.

ಮರುವಾರ ಗುಂಡುಪಿನ್ನು ಬಂದವಳೇ ನೇರವಾಗಿ ಮರಳಿಗೆ ಹೋದಳು. ಕೈಯಾಡಿಸಿದಳು. ಅಲ್ಲಿ ಇರಲಿಲ್ಲ. ಪೆಟ್ಟಿಗೆಯ ನಾಲ್ಕು ಮೂಲೆಯನ್ನೂ ಕೆದಕಿದಳು. ತಲೆ ಎತ್ತಿದಾಗ ಕಪಾಟಿನಲ್ಲಿ ನೀಲಿ ಲಂಗ ಕಂಡಿತು. ಬಹಳ ಹೊತ್ತು ನೋಡುತ್ತ ನಿಂತಳು.

"ಬಂದ್ಬಿಟ್ಟಿದ್ದಾಳೆ," ಎಂದಳು. ಆ ಮೇಲೆ ನಕ್ಕಳು. ಆ ಕೋಣೆಗೆ ಬರತೊಡಗಿದ ಮೇಲೆ ಅದೇ ಮೊದಲ ನಗೆ. "ಯಾರು ಎತ್ತಿದ್ದು?"

"ನಾನು."

"ಸುಮ್ನೆ ಕೈಯಲ್ಲೇನಾ?"

"ಕೈಯಲ್ಲೇ."

"ಅಳ್ತಿದ್ಲಾ?"

"ಇಲ್ಲ. ಮುಖ ಒರೆಸಿದೆ, ಕೂರಿಸಿದೆ."

ಮಗು ತಲೆಯಾಡಿಸಿತು. ಆ ದಿನವೆಲ್ಲ ನೀಲಿ ಲಂಗದವಳನ್ನು ಮಡಿಲಿನಿಂದ ಇಳಿಸಲಿಲ್ಲ. ಹೊರಡುವಾಗ ಆಟದಕ್ಕ ಅಜ್ಜಿಗೆ, "ಇವತ್ತು ನಕ್ಕಳು ಅಜ್ಜಿ" ಎಂದು ಉಬ್ಬಿ ಹೇಳಿದಳು. ಅಜ್ಜಿಯ ಕಣ್ಣು ತುಂಬಿತು. "ನಿಮ್ಮ ನಾಲ್ಕು ವರ್ಷ ಸಾರ್ಥಕ ಆಯ್ತು ಬಿಡಿ ತಾಯಿ," ಎಂದಳು. ತಗಡಿನ ಸಲಿಕೆ ಕಪಾಟಿನಲ್ಲಿ ಇಲ್ಲದ್ದು ಆಟದಕ್ಕನ ಗಮನಕ್ಕೆ ಬಂದದ್ದು ಅವರು ಹೋದ ಮೇಲೆ.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಗುಂಡುಪಿನ್ನು ಶಾಲೆಯಿಂದ ಎದ್ದು ಹೋದಳು. ಕಾರ್ಖಾನೆಯ ದಾರಿ ಅವಳಿಗೆ ಗೊತ್ತಿತ್ತು. ಎಷ್ಟೋ ಭಾನುವಾರ ತಾಯಿಯ ಜೊತೆ ಗೇಟಿನವರೆಗೆ ಹೋಗಿ ಅಳುತ್ತ ವಾಪಸು ಬಂದಿದ್ದಳು. ಕುಸಿದ ಜಾಗದ ಕಾವಲುಗಾರ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿ ಬಂದಾಗ ಅವಳ ಎರಡೂ ಅಂಗೈ ಸೀಳಿ ರಕ್ತ ಮೊಣಕೈವರೆಗೆ ಇಳಿದಿತ್ತು.

"ಕಬ್ಬಿಣ ಆಯೋಕೆ ಬರೋ ಪೈಕಿ ಅಂದ್ಕೊಂಡು ಬೈಕೊಂಡು ಓಡಿದೆ ಮೇಡಂ," ಎಂದ ಅವನು, ಕೆಳಗಿಳಿದು ಬಂದ ಆಟದಕ್ಕನಿಗೆ. "ನೋಡಿದ್ರೆ ಇಷ್ಟುದ್ದ ಮಗು. ಆಟದ ಸಲಿಕೇಲಿ ಜಲ್ಲಿ ಕೆದಕ್ತಾ ಇದೆ. 'ಯಾರಮ್ಮ ನೀನು' ಅಂದ್ರೆ, 'ಕೂಗ್ಬೇಡಿ, ನಮ್ಮಮ್ಮಂಗೆ ಬೈತಾರೆ' ಅನ್ನುತ್ತೆ. ನನಗೂ ಮಕ್ಕಳಿವೆ ಮೇಡಂ. ಅಲ್ಲಿ ಕಾವಲು ಕಾಯೋದು ನನ್ನ ಕರ್ಮ, ಆ ಜಲ್ಲಿ ಮೇಲೆ ಕಾಲಿಡೋಕೆ ಆಗಲ್ಲ ನನಗೆ."

ನರ್ಸು ಕೈಗೆ ಬಟ್ಟೆ ಸುತ್ತುತ್ತಿದ್ದಳು. ಗುಂಡುಪಿನ್ನು ಅಳುತ್ತಿರಲಿಲ್ಲ. ಆಟದಕ್ಕನನ್ನು ಕಂಡದ್ದೇ ಅವಳ ಮುಖ ಅರಳಿತು.

"ಆಟದಕ್ಕ, ಜಲ್ಲಿ ತುಂಬಾ ಇದೆ. ನನ್ನ ಕೈಲಿ ಆಗ್ಲಿಲ್ಲ. ನೀವು ಬನ್ನಿ."

"ಎಲ್ಲಿಗೆ ಮರಿ?"

"ನಿಮಗೆ ಎತ್ತಕ್ಕೆ ಬರುತ್ತಲ್ಲ. ಅವತ್ತು ಎತ್ತಿ ಮುಖ ಒರೆಸಿ ಕೂರ್ಸಿದ್ರಲ್ಲ, ಹಂಗೇ. ಇವತ್ತೇ ಬನ್ನಿ. ಅಮ್ಮಂಗೆ ತುಂಬಾ ದಿನ ಓವರ್‌ಟೈಮ್ ಆಗೋಯ್ತು."

ತಾನು ಮಾಡಿದ್ದು ಏನೆಂದು ಆಟದಕ್ಕನಿಗೆ ಆಗ ತಿಳಿಯಿತು. ಕಲಿಸಿದವರು ಯಾರೂ ಇದನ್ನು ತಪ್ಪು ಎನ್ನುವುದಿಲ್ಲ. ಗೊಂಬೆಯನ್ನು ಅದರ ಜಾಗದಲ್ಲಿ ಇಡುವುದು ಅವಳ ಕೆಲಸವೇ. ಆದರೆ ಮನೆಯವರು ಬಾಯಲ್ಲಿ ಹೇಳಿದ ಸುಳ್ಳನ್ನು ಅವಳು ತನ್ನ ಕೈಯಾರೆ ನಿಜ ಮಾಡಿ ತೋರಿಸಿದ್ದಳು. ಮೇಲಿದ್ದದ್ದು ಒಂದಿಷ್ಟು ಮರಳು ಅಷ್ಟೆ, ಎತ್ತುವವರಿದ್ದರೆ ಎದ್ದು ಬರುತ್ತಾಳೆ ಎಂದು ಮಗುವಿಗೆ ಪಾಠ ಹೇಳಿಕೊಟ್ಟಿದ್ದಳು.

ಸುದ್ದಿ ತಿಳಿದು ಅಜ್ಜಿ ಓಡಿ ಬಂದಳು. ಹಿಂದೆಯೇ ಮಗುವಿನ ತಂದೆ, ಲಾರಿ ಡ್ರೈವರು, ಬಿಸಿಲಿಗೆ ಒಂದೇ ತೋಳು ಕಪ್ಪಾದ ಮನುಷ್ಯ. ಅಜ್ಜಿ ಆಟದಕ್ಕನನ್ನು ಪಡಸಾಲೆಯಲ್ಲೇ ಹಿಡಿದು ನಿಲ್ಲಿಸಿದಳು.

"ಏನು ಆಡ್ಸಿದ್ರಿ ನೀವು ನನ್ನ ಮೊಮ್ಮಗಳಿಗೆ? ಮರಳಲ್ಲಿ ಆಡ್ಸಿ ಆಡ್ಸಿ ಮಗು ತಲೇಲಿ ಮಣ್ಣು ತುಂಬಿದ್ರಿ. ಹೊಸಿಲಲ್ಲಿ ಮಲಗ್ತಿತ್ತು, ಮಲಗ್ಲಿ. ಕೈಯಾದ್ರೂ ನೆಟ್ಟಗಿತ್ತು!"

"ನನ್ನಿಂದ ತಪ್ಪಾಗಿದೆ ಅಜ್ಜಿ," ಎಂದಳು ಆಟದಕ್ಕ. ಗೊಂಬೆಯ ಕತೆಯನ್ನು ಮುಚ್ಚಿಡದೆ ಹೇಳಿದಳು. ಹೊಸಿಲಿಗೆ ಅಡ್ಡ ಮಲಗುವುದು ಯಾಕೆಂಬುದನ್ನೂ ಹೇಳಿದಳು. "ತುಳಿದಾದ್ರೂ ಎಬ್ಬಿಸ್ಲಿ ಅಂತ ಕಾಯ್ತಿದ್ದಾಳೆ. ನೀವು ನಿಜ ಹೇಳೋವರೆಗೂ ಅವಳು ನಿದ್ದೆ ಮಾಡಲ್ಲ. ಮಾಡೋದು ಹೇಗೆ? ಮಲಗಿದ್ರೆ ಅಮ್ಮ ಬಂದು ಹೋಗ್ಬಿಡ್ತಾಳಲ್ಲ."

ತಂದೆ ಗೋಡೆಗೆ ಒರಗಿದ. ಅಜ್ಜಿ ಮಾತ್ರ ಬಗ್ಗಲಿಲ್ಲ. "ಹೆಣ ತೋರ್ಸಿ. ಹೇಳ್ತೀನಿ. ಹೆಣ ಕಾಣದೆ ಹೆತ್ತವಳು ಹೆಂಗೆ ಹೇಳ್ಲಿ? ನಾಳೆ ಎಲ್ಲಾದ್ರೂ ಒಂದು ಆಸ್ಪತ್ರೇಲಿ, ನೆನಪು ಹೋಗಿ, ಮಲಗಿದ್ರೆ? ನಾನೇ ಕೊಂದ ಹಂಗಾಗಲ್ವಾ?"

ಮುಂದಿನ ವಾರ ಅಜ್ಜಿ, ಅಳಿಯ ಮಗುವನ್ನು ಕರೆತಂದು ಬೆಂಚಿನ ಮೇಲೆ ಕೂತಾಗ ಕೋಣೆಯಲ್ಲಿ ಬೇರೊಬ್ಬ ಅತಿಥಿ ಇದ್ದ. ಕಾರ್ಖಾನೆಯ ಕ್ಷೇಮಾಧಿಕಾರಿ. ಕ್ಷೇಮ ಎಂಬ ಪದ ಆ ಕಂಪನಿಯಲ್ಲಿ ಅವನ ಬಾಗಿಲ ಹಲಗೆಯ ಮೇಲೆ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಜೊತೆಗೆ ಫೋಟೋ ತೆಗೆಯುವವನು, ಇಬ್ಬರ ನಡುವೆ ಬಣ್ಣದ ಕಾಗದ ಸುತ್ತಿದ ದೊಡ್ಡ ಗೊಂಬೆಮನೆ. ಬಾಗಿಲು ಅರೆ ತೆರೆದಿತ್ತು. ಮಾತು ಹೊರಗೆ ಬೆಂಚಿನವರೆಗೂ ಚೆನ್ನಾಗಿ ಕೇಳುತ್ತಿತ್ತು. ಗುಂಡುಪಿನ್ನು ಪಡಸಾಲೆಯ ಆ ತುದಿಗೆ ಹೋಗಿ ಬೀದಿ ನೋಡುತ್ತ ನಿಂತಿದ್ದಳು.

"ಆ ಮಗು ಕೈಗೆ ಇದನ್ನ ಕೊಡೋ ಹಾಗೆ ಒಂದು ಫೋಟೋ ಸಾಕು ಮೇಡಂ. ಪಾಪ, ನಮಗೂ ಕರುಳು ಚುರುಕ್ ಅಂತು."

"ಮಕ್ಕಳ ಫೋಟೋ ಇಲ್ಲಿ ತೆಗೆಯೋ ಹಾಗಿಲ್ಲ ಸರ್."

"ಹೋಗ್ಲಿ ಬಿಡಿ. ಇನ್ನೊಂದು ವಿಷಯ. ಅವರಮ್ಮ ಸತ್ತಿದ್ದಾರೆ ಅಂತ ಮಗೂಗೆ ಹೇಳ್ಬೇಕು ಅಂದ್ರಂತೆ ನೀವು. ಅವರು ಸತ್ತವರ ಪಟ್ಟೀಲಿ ಇಲ್ಲ ಮೇಡಂ. ಕಾಣೆಯಾದವರು. ನೀವು ಓದಿದೋರು, ಒಂದು ಮನೇಲಿ ಹಾಗೆ ಹೇಳಿದ್ರೆ ನಾಳೆ ಎಲ್ಲಾ ಮನೆಯವರೂ ಅದೇ ಹಿಡ್ಕೋತಾರೆ. ಅಗೀರಿ ಅಂತಾರೆ. ಯಾಕೆ ಸುಮ್ನೆ? ಎಲ್ಲೋ ಇದ್ದಾರೆ, ಬರ್ತಾರೆ ಅಂತ ಮಗು ಆಸೆ ಇಟ್ಕೊಳ್ಳಿ. ಆಸೆ ಒಳ್ಳೇದಲ್ವಾ?"

"ಎಲ್ಲೋ ಅಲ್ಲ ಸರ್. ಎಲ್ಲಿದ್ದಾರೆ ಅಂತ ನಿಮಗೂ ಗೊತ್ತು. ಜಲ್ಲಿ ನೀವೇ ಸುರಿಸಿದ್ದು."

"ಮಾತಿನ ಮೇಲೆ ನಿಗಾ ಇರ್ಲಿ. ಈ ಕಪಾಟು, ಈ ಗೊಂಬೆಗಳು, ಎಲ್ಲಾ ನಮ್ಮ ಕಂಪನಿ ಕೊಟ್ಟಿದ್ದು."

"ಗೊಂಬೆ ಕೊಟ್ಟಿರಿ ಸರ್. ತಾಯಂದಿರನ್ನೂ ವಾಪಸ್ ಕೊಡಿ. ಹೇಗಿದ್ದಾರೋ ಹಾಗೆ ಕೊಡಿ."

ಕ್ಷೇಮಾಧಿಕಾರಿ ಗೊಂಬೆಮನೆಯನ್ನು ಅಲ್ಲೇ ಬಿಟ್ಟು ಹೊರಬಂದ. ಬೆಂಚಿನ ಮೇಲಿದ್ದವರು ಯಾರೆಂದು ಅವನಿಗೆ ಗೊತ್ತಾಗಲಿಲ್ಲ. ಅಜ್ಜಿಯ ಕಾಲು ದಾಟಿಕೊಂಡು ಹೋದ.

ಅಜ್ಜಿಯ ಕೈಯ ಕತ್ತರಿ ನಿಂತಿತ್ತು. ಎಲ್ಲೋ ಇದ್ದಾಳೆ, ಬರ್ತಾಳೆ. ಕಣ್ಣೀರಿನಲ್ಲಿ ನೆನೆಸಿ ಅವಳು ಕಾಪಾಡಿಕೊಂಡು ಬಂದಿದ್ದ ಮಾತು, ಇಸ್ತ್ರಿ ಹಾಕಿದ ಅಂಗಿ ತೊಟ್ಟವನ ಬಾಯಿಂದ ಅಕ್ಷರ ಬದಲಾಗದೆ ಬಂದಿತ್ತು. ಅವಳಿಗೆ ಅದು ಆಸೆ, ಅವರಿಗೆ ಅದು ಉಳಿತಾಯ. ಮಗಳು ಬದುಕಿದ್ದಾಳೆ ಎಂದು ಅವಳು ನಂಬಿದಷ್ಟು ದಿನವೂ ಅವರು ನೆಮ್ಮದಿಯಾಗಿ ಮಲಗುತ್ತಾರೆ.

"ಅತ್ತೆ," ಎಂದ ಅಳಿಯ ಮೆಲ್ಲಗೆ. "ನಾನು ಹೇಳ್ಬಿಡ್ಲಾ?"

ಅಜ್ಜಿ ಅವನ ಕಡೆ ನೋಡಲಿಲ್ಲ. "ನನ್ನ ಬಾಯಲ್ಲಂತೂ ಬರಲ್ಲಪ್ಪ."

ಬೇಡ ಎನ್ನಲಿಲ್ಲ. ಅವನು ಪಡಸಾಲೆಯ ತುದಿಗೆ ಹೋಗಿ, ಬಟ್ಟೆ ಸುತ್ತಿದ ಮಗಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ.

ಅಷ್ಟು ದೊಡ್ಡ ಮನುಷ್ಯ ಮಕ್ಕಳ ಕುರ್ಚಿಯಲ್ಲಿ ಹಿಡಿಸದೆ ನೆಲದ ಮೇಲೆ ಕೂತ. ಹೇಗೆ ಹೇಳಬೇಕೆಂದು ಆಟದಕ್ಕ ಅವನಿಗೆ ಮೊದಲೇ ತಿಳಿಸಿದ್ದಳು. ದೂರ ಹೋದಳು ಅನ್ನಬೇಡಿ, ಮಲಗಿದ್ದಾಳೆ ಅನ್ನಬೇಡಿ, ನೇರವಾಗಿ ಹೇಳಿ, ಚಿಕ್ಕದಾಗಿ ಹೇಳಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡಿ. ಈಗ ಅವಳು ಗುಂಡುಪಿನ್ನುವಿನ ಪಕ್ಕ ಕೂತು, "ಅವತ್ತು ನೀನು ಹೋದ ಮೇಲೆ ಗೊಂಬೆ ಎತ್ತಿದ್ದು ನನ್ನ ತಪ್ಪು ಮರಿ," ಎಂದಳು. "ಗೊಂಬೆನ ಎತ್ಬಹುದು. ಅಮ್ಮನ್ನ ನನ್ನ ಕೈಲಿ ಎತ್ತಕ್ಕಾಗಲ್ಲ. ಇನ್ಮೇಲೆ ನೀನು ಇಟ್ಟಿದ್ದನ್ನ ನಾನು ಮುಟ್ಟಲ್ಲ."

ಮಗು ಅವಳನ್ನು ಅನುಮಾನದಿಂದ ನೋಡಿತು. ನೀಲಿ ಲಂಗದವಳನ್ನು ತಂದು ಮರಳಿನಲ್ಲಿ ಮಲಗಿಸಿತು. ಕೈಗೆ ಬಟ್ಟೆ ಸುತ್ತಿದ್ದರಿಂದ ಮೊಣಕೈಯಿಂದಲೇ ಮರಳು ದೂಡಿ ಮುಚ್ಚಿತು. ಆಮೇಲೆ ತಂದೆಯ ಕಡೆ ತಿರುಗಿತು.

"ಅಪ್ಪ, ಇವಳಿಗೆ ಓವರ್‌ಟೈಮಾ?"

ಅವನು ಬಾಯಿ ತೆರೆದ. ಮುಚ್ಚಿದ.

"ಅಲ್ಲ ಮಗಳೇ. ಅಮ್ಮ ಸತ್ತೋಗಿದ್ದಾಳೆ."

ಅವನು ಗೊಂಬೆ ಮುಚ್ಚಿದ ಮರಳಿನ ಮೇಲೆ ಅಂಗೈ ಇಟ್ಟ.

"ಕಟ್ಟಡ ಬಿತ್ತಲ್ಲ, ಅವತ್ತೇ. ಇನ್ನು ಬರಲ್ಲ. ರಾತ್ರಿನೂ ಬರಲ್ಲ, ಹಗಲೂ ಬರಲ್ಲ."

"ಯಾರೂ ತೆಗೀಲಿಲ್ವಾ?"

"ತೆಗೀಲಿಲ್ಲ."

"ನೀನು?"

"ಪೊಲೀಸರು ಹಗ್ಗ ಕಟ್ಟಿದ್ರು ಮಗಳೇ. ಒಳಗೆ ಬಿಡ್ಲಿಲ್ಲ."

"ಹಗ್ಗಾನಾ?" ಗುಂಡುಪಿನ್ನುವಿಗೆ ನಂಬಲಾಗಲಿಲ್ಲ. "ಬಗ್ಗಿ ಹೋಗ್ಬೇಕಿತ್ತು."

"ಬಗ್ಗಿ ಹೋದೆ. ಹೊಡೆದು ಆಚೆ ಹಾಕಿದ್ರು. ಮತ್ತೆ ಹೋದೆ. ಮತ್ತೆ ಹೊಡೆದ್ರು."

"ಯಾಕೆ?"

ಕೇಳಿದ್ದಕ್ಕೆಲ್ಲ ಉತ್ತರ ಕೊಡಿ ಎಂದು ಆಟದಕ್ಕ ಹೇಳಿದ್ದಳು. ಕೆಳಗೆ ಹೆಂಡತಿ ಇದ್ದಾಳೆ ಎಂದು ಕೂಗುತ್ತ ಬಂದವನನ್ನು ಹೊಡೆದು ಓಡಿಸಿದ್ದೇಕೆ ಎಂಬುದನ್ನು ಆರು ವರ್ಷದ ಮಗುವಿಗೆ ತಿಳಿಯುವಂತೆ ಹೇಳಬಲ್ಲವರು ಯಾವ ಸರಕಾರದಲ್ಲಿದ್ದಾರೆ?

"ಗೊತ್ತಿಲ್ಲ ಮಗಳೇ," ಎಂದ ತಂದೆ.

ಆಗ ಅವಳು ಅವನ ಎದೆಗೆ ಹೊಡೆದಳು. ಬಟ್ಟೆ ಸುತ್ತಿದ ಎರಡೂ ಕೈಯಿಂದ ಗುದ್ದಿದಳು, "ಸುಳ್ಳು, ಸುಳ್ಳು" ಎನ್ನುತ್ತ. ಗಾಯ ಬಿರಿದು ಬಟ್ಟೆಯ ಮೇಲೆ ಕೆಂಪು ಮೂಡಿತು. ಅವನು ತಡೆಯಲಿಲ್ಲ. ಹಗ್ಗದ ಬಳಿ ತಿಂದ ಏಟಿಗಿಂತ ಇದೇ ತನಗೆ ಸಲ್ಲಬೇಕಾದದ್ದು ಎಂಬಂತೆ ಕೂತಿದ್ದ. ಗುದ್ದಿ ಗುದ್ದಿ ಸೋತ ಮೇಲೆ ಅಳು ಬಂತು. ಇಷ್ಟು ದಿನ ಬಾರದೆ ಉಳಿದಿದ್ದ ಅಳು. ಆಟದಕ್ಕ ಸಮಾಧಾನ ಹೇಳಲಿಲ್ಲ. ಅಳುವುದಕ್ಕೇ ಆ ಕೋಣೆ ಇತ್ತು.

ಬಾಗಿಲು ತೆರೆದಾಗ ಅಜ್ಜಿ ಎದ್ದು ನಿಂತಿದ್ದಳು. ಮಡಿಲಲ್ಲಿದ್ದ ಅಂಗಿಗಳು ನೆಲಕ್ಕೆ ಬಿದ್ದಿದ್ದವು. ಬೆಂಚಿನುದ್ದಕ್ಕೂ ಸರದಿಗಾಗಿ ಕೂತ ಬೇರೆ ತಾಯಂದಿರು, ಮಕ್ಕಳು. ಗುಂಡುಪಿನ್ನು ಅಜ್ಜಿಯ ಮುಂದೆ ಹೋಗಿ ನಿಂತಳು. ಮುಖ ಊದಿತ್ತು. ಅಪ್ಪನ ಮಾತು ಅವಳಿಗೆ ಸಾಲದು. ಮನೆಯಲ್ಲಿ ಕೊನೆಯ ಮಾತು ಅಜ್ಜಿಯದು ಎಂದು ಅವಳಿಗೆ ಗೊತ್ತಿತ್ತು.

"ಅಜ್ಜಿ, ಅಮ್ಮಂಗೆ ಓವರ್‌ಟೈಮಾ?"

ಅಳಿಯ ತಲೆ ತಗ್ಗಿಸಿದ. ಆಟದಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅಜ್ಜಿ ಮೊಮ್ಮಗಳ ಬಟ್ಟೆ ಸುತ್ತಿದ ಕೈಗಳನ್ನು ನೋಡಿದಳು. ಅಭ್ಯಾಸದ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಒಂದು 'ಹೂಂ' ಅಂದಿದ್ದರೆ ಸಾಕಿತ್ತು, ಮಗಳು ಇನ್ನಷ್ಟು ದಿನ ಬದುಕಿರುತ್ತಿದ್ದಳು.

"ಅಲ್ಲ ಕಂದ."

"ಸತ್ತೋಗಿದ್ದಾಳಾ?"

"ಹೂಂ ಕಣೆ. ನನ್ನ ಮಗಳು ಸತ್ತೋದ್ಲು."

ಹೇಳಿದವಳೇ ಕುಸಿದು ಬೆಂಚಿನ ಮೇಲೆ ಕೂತಳು. ಅವಳ ಎದೆಯಿಂದ ಹೊರಟ ಸದ್ದಿಗೆ ಪಡಸಾಲೆಯ ಕೊನೆಯಲ್ಲಿದ್ದವರೂ ತಿರುಗಿ ನೋಡಿದರು. ಮಗಳು ಆ ಕ್ಷಣದಲ್ಲೇ, ಅವಳ ಬಾಯಿಂದಲೇ, ಸತ್ತಂತಿತ್ತು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಏನೂ ಕೇಳದೆ ಅವಳ ಬೆನ್ನಿನ ಮೇಲೆ ಕೈಯಿಟ್ಟಳು. ಗುಂಡುಪಿನ್ನು ಅಜ್ಜಿಯ ಮಡಿಲಿಗೆ ಹತ್ತಿದಳು. ಇಬ್ಬರೂ ಅತ್ತರು. ಅಳುತ್ತ ಅಳುತ್ತಲೇ ಮಗುವಿನ ಬಿಕ್ಕು ದೂರ ದೂರವಾಯಿತು, ತಲೆ ವಾಲಿತು, ಬಾಯಿ ಅರೆ ತೆರೆಯಿತು. ಅಷ್ಟು ಜನರ ಗದ್ದಲದ ನಡುವೆ, ಹಗಲ ಬೆಳಕಿನಲ್ಲಿ, ಅವಳು ನಿದ್ದೆ ಹೋದಳು.

ಬಹಳ ಹೊತ್ತಾಯಿತು. ಬೇರೆ ಮಕ್ಕಳು ಒಳಗೆ ಹೋದರು, ಹೊರಗೆ ಬಂದರು. ತಂದೆ ಬಿದ್ದಿದ್ದ ಅಂಗಿಗಳನ್ನು ಆರಿಸಿ ಚೀಲಕ್ಕೆ ತುಂಬಿದ.

"ಎತ್ಕೊಳ್ಲಾ ಅತ್ತೆ? ಕಾಲು ಜೋಮು ಹಿಡಿದ್ಬಿಡುತ್ತೆ ನಿಮಗೆ."

"ಹಿಡೀಲಿ ಬಿಡಪ್ಪ. ಮಲಗಿದೆ."

"ಎದ್ರೆ ಮತ್ತೆ ಕೇಳ್ತಾಳಂತೆ. ಮತ್ತೆ ಮತ್ತೆ ಕೇಳ್ತಾರಂತೆ ಮಕ್ಕಳು. ಮೇಡಂ ಹೇಳಿದ್ರು."

"ಕೇಳ್ಲಿ. ಕೇಳಿದಾಗೆಲ್ಲ ಹೇಳೋಣ." ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಗುವಿನ ಹಣೆಯ ಮೇಲಿನ ಹೊಲಿಗೆಯ ಗುರುತನ್ನು ಬೆರಳಿನಿಂದ ಸವರಿದಳು. ಆಮೇಲೆ ತಲೆ ಎತ್ತಿ, ಅಳಿಯನನ್ನೂ, ಬಾಗಿಲಲ್ಲಿ ನಿಂತ ಆಟದಕ್ಕನನ್ನೂ, ಬೆಂಚಿನ ಮೇಲಿದ್ದ ಎಲ್ಲರನ್ನೂ ಒಟ್ಟಿಗೆ ಕೇಳುವಂತೆ ಕೇಳಿದಳು:

"ನಾವೇನೋ ಹೇಳಿದ್ವಿ. ಆ ಜಲ್ಲಿ ಸುರಿದೋರು ಯಾವಾಗ ಹೇಳ್ತಾರೆ?"